‘ಹೈಪೊಪ್ರೋಟಿನೀಮಿಯಾ’ ಎಂದರೆ ಊಟ ಸಾಲದು ಎಂದರ್ಥವೇ?

ತಾಯಿಯವರ ಡಿಸ್ಚಾರ್ಜ್ ಹಾಳೆಯಲ್ಲಿ ‘ಹೈಪೊಪ್ರೋಟಿನೀಮಿಯಾ’ ಎಂದು ಬರೆದಿದ್ದಾರೆ, ಒಟ್ಟು ಪ್ರೋಟೀನ್ 5.1, ಆಲ್ಬುಮಿನ್ (ರಕ್ತದ ಮುಖ್ಯ ಪ್ರೋಟೀನ್) 2.4 ಎಂದಿದೆ, ಪಾದಗಳು ಬಾತಿವೆ, ಬೇಳೆ ಮೊಟ್ಟೆ ಹೆಚ್ಚು ಕೊಟ್ಟರೆ ಸರಿಹೋಗುತ್ತದೆಯೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಆಸ್ಪತ್ರೆಯ ಜೀವರಸಾಯನ ಪ್ರಯೋಗಾಲಯದಲ್ಲಿ ಬಹುಕಾಲ ದುಡಿದವನು. ಆದ್ದರಿಂದ ಆ ಪದವನ್ನೂ ಅಂಕಿಗಳನ್ನೂ ಓದುವ ಬಗೆಯನ್ನಷ್ಟೇ ಹೇಳುತ್ತೇನೆ.

ಪದ ಗ್ರೀಕ್ ಮೂಲದ್ದು. ‘ಹೈಪೊ’ ಎಂದರೆ ಕೆಳಗೆ ಅಥವಾ ಕಡಿಮೆ. ಕೊನೆಯ ‘ಈಮಿಯಾ’ ರಕ್ತವನ್ನು ಸೂಚಿಸುತ್ತದೆ, ನಮಗೆಲ್ಲ ಗೊತ್ತಿರುವ ಅನೀಮಿಯಾದಲ್ಲಿ ಇರುವುದೂ ಅದೇ. ಅಂದರೆ ಇದು ರಕ್ತದಲ್ಲಿ ಪ್ರೋಟೀನ್ ಕಡಿಮೆ ಇದೆ ಎಂಬ ವರ್ಣನೆಯೇ ಹೊರತು ಕಾಯಿಲೆಯ ಹೆಸರಲ್ಲ. ಜ್ವರ ಎಂದಾಗ ಯಾವ ಜ್ವರ ಎಂಬ ಪ್ರಶ್ನೆ ಉಳಿಯುವಂತೆ, ಇಲ್ಲಿಯೂ ಪ್ರೋಟೀನ್ ಏಕೆ ಇಳಿಯಿತು ಎಂಬ ಪ್ರಶ್ನೆ ಉಳಿಯುತ್ತದೆ.

ಒಟ್ಟು ಪ್ರೋಟೀನ್ ಸಾಮಾನ್ಯವಾಗಿ ಡೆಸಿಲೀಟರಿಗೆ 6ರಿಂದ 8 ಗ್ರಾಂ, ಅದರಲ್ಲಿ ಆಲ್ಬುಮಿನ್ 3.5ರಿಂದ 5 ಗ್ರಾಂ ಇರಬೇಕು; ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಮಿತಿ ತುಸು ಬದಲಾಗುತ್ತದೆ. 5.1ರಲ್ಲಿ 2.4 ಕಳೆದರೆ ಉಳಿಯುವ 2.7 ಗ್ರಾಂ ಗ್ಲೋಬ್ಯುಲಿನ್, ಅಂದರೆ ರಕ್ತದ ಉಳಿದ ಪ್ರೋಟೀನುಗಳ ಗುಂಪು, ಮತ್ತು ಅದು ಸರಿಯಾದ ಪ್ರಮಾಣದಲ್ಲೇ ಇದೆ. ಹಾಗಾಗಿ ನಿಮ್ಮ ತಾಯಿಯವರಲ್ಲಿ ಕುಸಿದಿರುವುದು ಆಲ್ಬುಮಿನ್ ಮಾತ್ರ.

ಪಾದ ಬಾತಿರುವುದಕ್ಕೂ ಇದಕ್ಕೂ ನಂಟಿದೆ. ರಕ್ತನಾಳದೊಳಗಿನ ಒತ್ತಡವು ನೀರನ್ನು ಸೂಕ್ಷ್ಮ ನಾಳಗಳಿಂದ ಹೊರಗೆ ತಳ್ಳುತ್ತದೆ. ನಾಳದೊಳಗೇ ಉಳಿಯುವ ಪ್ರೋಟೀನ್, ಮುಖ್ಯವಾಗಿ ಆಲ್ಬುಮಿನ್, ಆ ನೀರನ್ನು ತನ್ನತ್ತ ಹಿಡಿದಿಡುತ್ತದೆ. ಈ ಎಳೆದಾಟವನ್ನು 1896ರಲ್ಲಿ ವಿವರಿಸಿದವರು ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಅರ್ನೆಸ್ಟ್ ಸ್ಟಾರ್ಲಿಂಗ್. ಹಿಡಿತ ಸಡಿಲವಾದಾಗ ನೀರು ಅಂಗಾಂಶಗಳಿಗೆ ಇಳಿದು ಕಾಲಿನಲ್ಲಿ, ಹೊಟ್ಟೆಯಲ್ಲಿ, ಬೆಳಗ್ಗೆ ಎದ್ದಾಗ ರೆಪ್ಪೆಗಳಲ್ಲಿ ಬಾವಾಗಿ ಕಾಣಿಸುತ್ತದೆ. ಆದರೂ ಕಾಲಿನ ಬಾವಿಗೆ ಆಲ್ಬುಮಿನ್ ಒಂದೇ ಕಾರಣವೆಂದು ಹೇಳಲಾಗದು. ಕಿಡ್ನಿ ಉಪ್ಪನ್ನು ಹಿಡಿದಿಟ್ಟುಕೊಳ್ಳುವುದು, ಹೃದಯದ ದೌರ್ಬಲ್ಯ ಇವೂ ಸೇರಿರಬಹುದು.

ಇನ್ನು ಊಟದ ಮಾತು. ಆಲ್ಬುಮಿನ್ ತಯಾರಾಗುವುದು ಲಿವರಿನಲ್ಲಿ, ದಿನಕ್ಕೆ ಸುಮಾರು 10ರಿಂದ 15 ಗ್ರಾಂ. ರಕ್ತದಲ್ಲಿ ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕರಗಲು ಹಿಡಿಯುವ ಕಾಲ, ಹತ್ತಿರ ಹತ್ತಿರ 20 ದಿನ. ಆದ್ದರಿಂದ ನಾಲ್ಕು ದಿನ ಗಂಜಿ ಕುಡಿದ ಮಾತ್ರಕ್ಕೆ ಅದು ಇಷ್ಟು ಕೆಳಗೆ ಬೀಳುವುದಿಲ್ಲ. ಆಸ್ಪತ್ರೆಯಲ್ಲಿ ನಾನು ಕಂಡ ಕಡಿಮೆ ಅಂಕಿಗಳ ಹಿಂದೆ ಬಹುಪಾಲು ಊಟವಿರಲಿಲ್ಲ. ತೀವ್ರ ಸೋಂಕು ಅಥವಾ ಉರಿಯೂತವಿದ್ದಾಗ ಲಿವರ್ ಆಲ್ಬುಮಿನ್ ತಯಾರಿಯನ್ನು ತಗ್ಗಿಸಿ ಬೇರೆ ಪ್ರೋಟೀನುಗಳತ್ತ ತಿರುಗುತ್ತದೆ, ಇದ್ದ ಆಲ್ಬುಮಿನ್ ಕೂಡ ನಾಳಗಳಿಂದ ಸೋರುತ್ತದೆ. ಸಿರೋಸಿಸ್ ಆದ, ಅಂದರೆ ಕಲೆಗಟ್ಟಿ ಗಡುಸಾದ, ಲಿವರಿಗೆ ತಯಾರಿಸುವ ಶಕ್ತಿಯೇ ಕುಂದಿರುತ್ತದೆ. ನೆಫ್ರಾಟಿಕ್ ಸಿಂಡ್ರೋಮಿನಲ್ಲಿ ಕಿಡ್ನಿಯ ಜರಡಿ ಹರಿದಂತಾಗಿ ದಿನಕ್ಕೆ 3.5 ಗ್ರಾಮಿಗೂ ಹೆಚ್ಚು ಪ್ರೋಟೀನ್ ಮೂತ್ರದಲ್ಲಿ ಹೋಗುತ್ತದೆ. ಮೂತ್ರದಲ್ಲಿ ಆರದ ನೊರೆ ಅದರ ಸುಳಿವು. ಕರುಳಿನಿಂದ ಸೋರುವ ಕಾಯಿಲೆಗಳೂ ಇವೆ. ಇದಲ್ಲದೆ ಬಾಟಲಿಗಟ್ಟಲೆ ಡ್ರಿಪ್ ಏರಿಸಿದಾಗ ರಕ್ತ ತೆಳುವಾಗಿಯೂ ಅಂಕಿ ಇಳಿಯುತ್ತದೆ. ಡ್ರಿಪ್ ಹಾಕಿದ ಕೈಯಿಂದಲೇ ರಕ್ತ ತೆಗೆದು ಕಳುಹಿಸಿದ ಮಾದರಿಗಳನ್ನು ನಾವು ಎಷ್ಟೋ ಸಲ ವಾಪಸು ಮಾಡಿದ್ದೇವೆ!

ದೀರ್ಘಕಾಲದ ಅಪೌಷ್ಟಿಕತೆಯೂ ಕಾರಣವಾಗಬಲ್ಲದು, ಮಕ್ಕಳ ಕ್ವಾಶಿಯೋರ್ಕರ್ ಅದಕ್ಕೆ ಪ್ರಸಿದ್ಧ ಉದಾಹರಣೆ. ವಯಸ್ಕರಲ್ಲಿ ಮಾತ್ರ ಮೊದಲು ಊಟವನ್ನೇ ದೂರುವುದು ನನಗೆ ಸರಿಕಾಣದು. ಬೇಳೆ, ಮೊಸರು, ಮೊಟ್ಟೆ ತಿನ್ನಲಿ, ಆರೋಗ್ಯವಂತರಿಗೇ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 0.8 ಗ್ರಾಂ ಪ್ರೋಟೀನ್ ಬೇಕು. ಆದರೆ ಪ್ರೋಟೀನ್ ಪುಡಿಯ ಡಬ್ಬಿ ತರುವ ಮೊದಲು ವೈದ್ಯರನ್ನು ಕೇಳಿ, ಏಕೆಂದರೆ ಕಿಡ್ನಿ ಸೋರುತ್ತಿದ್ದರೆ ಹೆಚ್ಚು ಪ್ರೋಟೀನ್ ತಿಂದಷ್ಟೂ ಸೋರಿಕೆಯೇ ಹೆಚ್ಚಬಹುದು.

ಮುಂದಿನ ಭೇಟಿಯಲ್ಲಿ ಮೂತ್ರದ ಪ್ರೋಟೀನ್–ಕ್ರಿಯಾಟಿನಿನ್ ಅನುಪಾತ (ಮೂತ್ರದಲ್ಲಿ ಎಷ್ಟು ಪ್ರೋಟೀನ್ ಸೋರುತ್ತಿದೆ ಎಂಬ ಲೆಕ್ಕ), ಲಿವರ್ ಪರೀಕ್ಷೆಗಳು ಮತ್ತು ಸಿಆರ್‌ಪಿ (ಉರಿಯೂತವನ್ನು ತೋರಿಸುವ ರಕ್ತಪರೀಕ್ಷೆ) ಆಗಿವೆಯೇ ಎಂದು ವಿಚಾರಿಸಿ. ಬಾವು ಏರುತ್ತಿದ್ದರೆ, ಉಸಿರು ಕಟ್ಟುತ್ತಿದ್ದರೆ, ಒಂದೇ ಕಾಲು ನೋವಿನೊಡನೆ ಊದಿದ್ದರೆ ಭೇಟಿಯ ದಿನಕ್ಕೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅದೇ ಹಾಳೆಯಲ್ಲಿ ಕ್ಯಾಲ್ಸಿಯಂ ಕೂಡ ಕಡಿಮೆ ಎಂದಿದ್ದರೆ ಗಾಬರಿಯಾಗಿ ಮಾತ್ರೆ ಆರಂಭಿಸಬೇಡಿ: ರಕ್ತದ ಕ್ಯಾಲ್ಸಿಯಮ್ಮಿನ ಸುಮಾರು ಶೇಕಡ 40 ಭಾಗ ಪ್ರೋಟೀನಿಗೆ, ಮುಖ್ಯವಾಗಿ ಆಲ್ಬುಮಿನ್‌ಗೇ, ಅಂಟಿಕೊಂಡಿರುವುದರಿಂದ ಆಲ್ಬುಮಿನ್ ಇಳಿದಾಗ ಆ ಅಂಕಿಯೂ ತಾನಾಗಿ ಇಳಿದು ಕಾಣುತ್ತದೆ.