ಒಬ್ಬರಿಗೆ ಒಂದು ಹಿಡಿ ಬೇಳೆ

ಬೆಂಗಳೂರಿನಲ್ಲಿ ಒಬ್ಬರೇ ಇದ್ದೀರಿ, ಅಡುಗೆ ಬಿಟ್ಟು ಎರಡು ವರ್ಷ ಆಯಿತು, ಐದು ಲೀಟರ್ ಕುಕ್ಕರ್ ಅಟ್ಟದ ಮೇಲಿದೆ. ಭಾನುವಾರ ವಾರಕ್ಕಾಗುವಷ್ಟು ಮಾಡಿ ಫ್ರಿಜ್ಜಿನಲ್ಲಿಟ್ಟುಕೊಂಡರೆ ಹೇಗೆ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ನಾನು ಹಾಗೇ ಶುರು ಮಾಡಿದೆ. ಒಂದೇ ವಾರಕ್ಕೆ ನಿಂತುಹೋಯಿತು. ಆಮೇಲೆ ಎಂಟು ತಿಂಗಳು ಒಲೆ ಹಚ್ಚಲಿಲ್ಲ.

ಅಮ್ಮ ಆರು ವರ್ಷ ನನ್ನ ಜೊತೆ ತ್ಯಾಗರಾಜನಗರದಲ್ಲಿದ್ದರು. ತಮ್ಮನಿಗೆ ಮಗು ಆದಾಗ ಹಾಸನಕ್ಕೆ ಹೋದರು. ಅವರಿದ್ದಾಗ ಆಫೀಸಿನಿಂದ ಎಷ್ಟು ಹೊತ್ತಾಗಿ ಬಂದರೂ ಒಂದು ಪಲ್ಯನಾದರೂ ಮಾಡುತ್ತಿದ್ದೆ. ಅವರು ಹೋದ ಮೇಲೆ ‘ನನ್ನೊಬ್ಬಳಿಗೋಸ್ಕರ ಯಾಕೆ’ ಅನ್ನಿಸಿತು. ಈ ಊರಲ್ಲಿ ಹಾಗೆ ಅನ್ನಿಸಿದರೂ ಯಾರೂ ಉಪವಾಸ ಬೀಳುವುದಿಲ್ಲ. ಬೆಳಿಗ್ಗೆ ದರ್ಶಿನಿಯಲ್ಲಿ ನಿಂತುಕೊಂಡೇ ಎರಡು ಇಡ್ಲಿ, ಮಧ್ಯಾಹ್ನ ಕ್ಯಾಂಟೀನು, ರಾತ್ರಿ ಮೊಬೈಲಿನಲ್ಲಿ ಆರ್ಡರ್. ಒಂದೂವರೆ ವರ್ಷ ಹೀಗೇ ಹೋಯಿತು. ಒಂದು ರಾತ್ರಿ ಪಾರ್ಸಲ್ ತಗೊಂಡು ಮೆಟ್ಟಿಲು ಹತ್ತುವಾಗ ಮೇಲಿನ ಮನೆಯಿಂದ ಇಂಗಿನ ಒಗ್ಗರಣೆ ವಾಸನೆ ಬಂತು. ಅಲ್ಲೇ ಸುಮ್ನೆ ನಿಂತುಬಿಟ್ಟೆ. ಕಣ್ಣಲ್ಲಿ ನೀರು ಬಂತು.

ಆ ಭಾನುವಾರ ಗಾಂಧಿ ಬಜಾರಿಗೆ ಹೋದೆ. ಬೀನ್ಸ್, ಕ್ಯಾರೆಟ್, ನುಗ್ಗೆಕಾಯಿ, ಎರಡು ಕಟ್ಟು ಸೊಪ್ಪು, ಅರ್ಧ ಕೆಜಿ ಬೆಂಡೆಕಾಯಿ, ಎರಡು ತೆಂಗಿನಕಾಯಿ. ಮನೆಗೆ ಬಂದು ಒಂದು ಪಾವು ತೊಗರಿಬೇಳೆ ಬೇಯಿಸಿ, ಒಂದು ಹೋಳು ಕಾಯಿ ಪೂರ್ತಿ ರುಬ್ಬಿ, ದೊಡ್ಡ ಪಾತ್ರೆ ತುಂಬ ಹುಳಿ ಮಾಡಿದೆ. ರುಚಿ ಚೆನ್ನಾಗಿಯೇ ಇತ್ತು. ಶುಕ್ರವಾರದವರೆಗೆ ಯೋಚನೆಯಿಲ್ಲ ಅಂದುಕೊಂಡೆ.

ತಪ್ಪು ಇಲ್ಲೇ ಆಗಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಆಗ ನನಗೆ ಇದು ತಪ್ಪು ಅಂತಲೇ ಗೊತ್ತಾಗಲಿಲ್ಲ. ಬೇಳೆ ಫ್ರಿಜ್ಜಿನಲ್ಲೂ ನೀರು ಕುಡಿಯುತ್ತಲೇ ಇರುತ್ತದೆ. ಸೋಮವಾರ ರಾತ್ರಿ ಹುಳಿ ಮುದ್ದೆಯ ಹಾಗೆ ಗಟ್ಟಿಯಾಗಿತ್ತು. ನೀರು ಹಾಕಿ ಕುದಿಸಿದೆ. ಉಪ್ಪು ಸಪ್ಪೆಯಾಯಿತು, ಉಪ್ಪು ಹಾಕಿದೆ. ಹುಣಸೆ ಸಾಲದು ಅನ್ನಿಸಿತು, ಅದನ್ನೂ ಹಾಕಿದೆ. ಮಂಗಳವಾರ ಇದೇ ಕೆಲಸ ಮತ್ತೆ. ನುಗ್ಗೆಕಾಯಿ ಕರಗಿ ಬರೀ ನಾರು ಉಳಿಯಿತು, ಒಗ್ಗರಣೆಯ ಘಮ ಹೊರಟುಹೋಯಿತು. ಅದಕ್ಕಿಂತ ದೊಡ್ಡದು, ನಾನು ಪ್ರತಿ ಸಲ ಇಡೀ ಪಾತ್ರೆಯನ್ನೇ ಕಾಯಿಸಿ, ಆರಲಿ ಅಂತ ಗಂಟೆಗಟ್ಟಲೆ ಒಲೆಯ ಮೇಲೆ ಬಿಟ್ಟು, ಮತ್ತೆ ಒಳಗಿಡುತ್ತಿದ್ದೆ. ಕಾಯಿ ರುಬ್ಬಿ ಹಾಕಿದ ಅಡುಗೆಗೆ ಅದು ತಡೆಯುವುದಿಲ್ಲ. ಬುಧವಾರ ಮುಚ್ಚಳ ತೆಗೆದರೆ ಹಳಸಿದ ವಾಸನೆ. ಕಾಯಿ ಹಾಕದ ತಿಳಿಸಾರು ಆಗಿದ್ದರೆ, ಬೇಕಾದಷ್ಟನ್ನೇ ಬಗ್ಗಿಸಿಕೊಂಡು ಬಿಸಿ ಮಾಡಿದ್ದರೆ, ಎರಡನೇ ದಿನಕ್ಕೆ ಚೆನ್ನಾಗಿಯೇ ಇರುತ್ತಿತ್ತು. ಆದರೆ ಐದು ದಿನಕ್ಕೆ ಯಾವ ಸಾರೂ ಬೇಡ.

ಅನ್ನ ಚೆಲ್ಲಬಾರದು ಅಂತ ಹೇಳಿಸಿಕೊಂಡು ಬೆಳೆದವಳು ನಾನು. ಅರ್ಧ ಪಾತ್ರೆ ಹುಳಿ ಚೆಲ್ಲುವಾಗ ಕೈ ನಡುಗಿತು. ಸೊಪ್ಪು ಆಗಲೇ ಹಳದಿಯಾಗಿತ್ತು, ಬೆಂಡೆಕಾಯಿ ಲೋಳೆ ಬಿಟ್ಟಿತ್ತು. ದುಡ್ಡು ಹೋದದ್ದು ನಾನೂರೋ ಐನೂರೋ ಇರಬಹುದು, ಅದು ದೊಡ್ಡದಲ್ಲ. ‘ನನ್ನ ಕೈಲಿ ಇದು ಆಗಲ್ಲ’ ಅಂತ ತೀರ್ಮಾನ ಮಾಡಿಬಿಟ್ಟೆನಲ್ಲ, ನನಗೆ ದುಬಾರಿಯಾಗಿದ್ದು ಅದು. ಕೈ ಸರಿಯಾಗಿಯೇ ಇತ್ತು. ಅಳತೆ ತಪ್ಪಿತ್ತು.

ಅದನ್ನು ಹೇಳಿದ್ದು ಅಮ್ಮ, ಫೋನಿನಲ್ಲಿ, ಎಂಟು ತಿಂಗಳಾದ ಮೇಲೆ.

“ಎಷ್ಟು ಬೇಳೆ ಹಾಕಿದ್ದೆ?”

“ಒಂದು ಪಾವು ಅಮ್ಮ, ನೀವು ಹಾಕ್ತಿದ್ರಲ್ಲ.”

“ಅಯ್ಯೋ, ಅದು ನಮ್ಮನೇಲಿ ಎಲ್ರೂ ಇದ್ದಾಗಿನ ಲೆಕ್ಕ ಕಣೇ. ನಿನ್ನೊಬ್ಬಳಿಗೆ ಒಂದು ಹಿಡಿ ಸಾಕು. ಹುಣಸೆಹಣ್ಣು ಗೋಲಿಯಷ್ಟು.”

ಅವತ್ತು ಮಂಗಳವಾರ. ರಾತ್ರಿ ಎಂಟಕ್ಕೆ ಮನೆಗೆ ಬಂದು ಒಂದು ಹಿಡಿ ಬೇಳೆ ತೊಳೆದೆ.

ಹಾಗಾಗಿ ನಾನು ಹೇಳುವುದು, ಭಾನುವಾರಕ್ಕೆ ಕಾಯಬೇಡಿ. ಕೆಲಸದ ದಿನವೇ ಶುರು ಮಾಡಿ, ಒಂದೇ ಹೊತ್ತಿಗೆ ಮಾಡಿ. ರಜೆಯ ದಿನ ಮೂರು ಗಂಟೆ ನಿಂತು ಮಾಡುವುದು ರೂಢಿಯಾಗುವುದಿಲ್ಲ, ಸುಸ್ತಾಗಿ ಬಂದ ದಿನ ಅರ್ಧ ಗಂಟೆಯಲ್ಲಿ ಮಾಡಿದ್ದು ರೂಢಿಯಾಗುತ್ತದೆ. ನಿಮ್ಮ ಐದು ಲೀಟರ್ ಕುಕ್ಕರೇ ಸಾಕು, ಹೊಸದು ಕೊಳ್ಳಬೇಡಿ. ತಳಕ್ಕೆ ಎರಡು ಲೋಟ ನೀರು ಹಾಕಿ. ಒಳಗೊಂದು ಸಣ್ಣ ಪಾತ್ರೆಯಲ್ಲಿ ಬೇಳೆ, ಒಂದು ಟೊಮೆಟೊ, ಚಿಟಿಕೆ ಅರಿಶಿನ, ಒಂದು ತೊಟ್ಟು ಎಣ್ಣೆ, ಬೇಳೆ ಮುಳುಗಿ ಮೇಲೆ ಬರುವಷ್ಟು ನೀರು. ಅದರ ಮೇಲೆ ಇನ್ನೊಂದು ಪಾತ್ರೆಯಲ್ಲಿ ಅರ್ಧ ಲೋಟ ಅಕ್ಕಿಗೆ ಒಂದು ಲೋಟ ನೀರು. ನಾಲ್ಕು ವಿಶಲ್. ಆರುವಷ್ಟರಲ್ಲಿ ಮುಖ ತೊಳೆದು ಬನ್ನಿ. ಬೇಳೆ ಮಸೆದು, ಹುಣಸೆ ರಸ, ಉಪ್ಪು, ಒಂದು ಚಮಚ ಸಾರಿನ ಪುಡಿ, ಚೂರು ಬೆಲ್ಲ ಹಾಕಿ ಕುದಿಸಿ. ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವು, ಒಂದು ಬ್ಯಾಡಗಿ ಮೆಣಸಿನಕಾಯಿ. ಒಗ್ಗರಣೆ ಮಾತ್ರ ಬಿಡಬೇಡಿ. ಮನೆ ಮನೆಯ ಹಾಗೆ ಅನ್ನಿಸುವುದೇ ಆ ವಾಸನೆಗೆ.

ಅನ್ನ ಮಿಕ್ಕರೆ ಆರಿದ ಕೂಡಲೇ ಫ್ರಿಜ್ಜಿಗೆ ಇಡಿ, ಬೆಳಿಗ್ಗೆ ಚಿತ್ರಾನ್ನ ಆಗುತ್ತದೆ. ರಾತ್ರಿಯಿಡೀ ಹೊರಗೆ ಬಿಡಬೇಡಿ. ಹೊರಗಿಟ್ಟ ಅನ್ನದಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಮುಂಚೆಯೇ ಮಾಡಿಡಬೇಕು ಅಂತಿದ್ದರೆ ಕಾಯಿ ತುರಿದು ಫ್ರೀಜರಿನಲ್ಲಿಡಿ, ಸಾರಿನ ಪುಡಿ ಡಬ್ಬಿಯಲ್ಲಿರಲಿ, ದೋಸೆ ಹಿಟ್ಟು ಅಂಗಡಿಯಿಂದ ತನ್ನಿ. ಅಷ್ಟೇ. ತರಕಾರಿ ಮಾತ್ರ ವಾರದ್ದು ಒಟ್ಟಿಗೆ ತರಬೇಡಿ. ಕಾಲು ಕೆಜಿ ಕೇಳಲು ನನಗೆ ಮೊದಲು ಸಂಕೋಚ ಆಗುತ್ತಿತ್ತು. ಈಗ ನಮ್ಮ ಬೀದಿಗೆ ಬರುವ ತಳ್ಳುಗಾಡಿಯವರು ನನ್ನನ್ನು ನೋಡಿದ ಕೂಡಲೇ ನಾಲ್ಕು ಬದನೆಕಾಯಿ ಆರಿಸಿ ಕೊಡುತ್ತಾರೆ.

ಹೋದ ಡಿಸೆಂಬರಿನಲ್ಲಿ ಗಾಂಧಿ ಬಜಾರಿನಲ್ಲಿ ಅವರೆಕಾಯಿ ರಾಶಿ ಬಿದ್ದಿತ್ತು, ಸೊಗಡು ಬೀದಿಗೆಲ್ಲ ಹರಡಿತ್ತು. ಹಿತಕಿದ ಬೇಳೆ ಕಾಲು ಕೆಜಿ ತಂದು ಸಾರು ಮಾಡಿದೆ, ಜೊತೆಗೆ ಒಂದೇ ಒಂದು ರಾಗಿಮುದ್ದೆ. ಫೋಟೊ ಕಳಿಸಿದರೆ ಅಮ್ಮ ಮೊದಲು ಕೇಳಿದ್ದು, “ಎಷ್ಟು ಮಿಕ್ತು?” ಏನೂ ಮಿಕ್ಕಿರಲಿಲ್ಲ.

ಕುಕ್ಕರ್ ಅಟ್ಟದಿಂದ ಇಳಿಸಿದ ಮೇಲೆ ಗ್ಯಾಸ್ಕೆಟ್ ಬಗ್ಗಿಸಿ ನೋಡಿ. ಎರಡು ವರ್ಷ ಸುಮ್ನೆ ಇದ್ದದ್ದು ಗಟ್ಟಿಯಾಗಿ ಬಿರುಕು ಬಿಟ್ಟಿರಬಹುದು, ಹಾಗಿದ್ದರೆ ಪಾತ್ರೆ ಅಂಗಡಿಯಲ್ಲಿ ಅದೇ ಅಳತೆಯ ಹೊಸದು ತಗೊಳ್ಳಿ. ವಿಶಲ್ ಕೂರುವ ತೂತನ್ನೂ ಬೆಳಕಿಗೆ ಹಿಡಿದು ನೋಡಿ, ಕಸ ಕಟ್ಟಿದ್ದರೆ ಕಡ್ಡಿ ಹಾಕಿ ತೆಗೆಯಿರಿ. ಸಾರು ಮಾಡಿದ ದಿನ ಇಲ್ಲಿ ಬಂದು ಬರೆಯಿರಿ, ನಾನು ನೋಡುತ್ತಿರುತ್ತೇನೆ.