ಓದುಗರ ಪ್ರಶ್ನೆ: ರಾಕೆಟ್ಟು, ಫಿರಂಗಿ ಮತ್ತು ಒಂದಿಷ್ಟು ಲೆಕ್ಕ

ಪ್ರಶ್ನೆ: ಟಿಪ್ಪುವಿನ ರಾಕೆಟ್ ಎರಡು ಕಿಲೋಮೀಟರ್ ಹಾರುತ್ತಿತ್ತು, ಆಗಿನ ಇಂಗ್ಲಿಷರ ಬಂದೂಕಿಗೆ ನೂರು ಮೀಟರಿನಾಚೆ ಗುರಿಯೇ ಸಿಗುತ್ತಿರಲಿಲ್ಲ ಎಂದು ಓದಿದ್ದೇನೆ. ಹಾಗಿದ್ದೂ ಶ್ರೀರಂಗಪಟ್ಟಣ ಬಿದ್ದದ್ದು ಹೇಗೆ?
– ಮಂಡ್ಯದ ಓದುಗರು

ಉತ್ತರ: ಎರಡು ಕಿಲೋಮೀಟರ್ ಎಂಬುದು ರಾಕೆಟ್ ಎಷ್ಟು ದೂರ ಹೋಗಬಲ್ಲದು ಎಂಬ ಲೆಕ್ಕ. ಎಲ್ಲಿ ಬೀಳುತ್ತದೆ ಎಂಬುದು ಬೇರೆಯೇ ಲೆಕ್ಕ. ಆಯುಧಗಳ ಬಗ್ಗೆ ಓದುವವರು ಹೆಚ್ಚಾಗಿ ಎಡವುವುದು ಇಲ್ಲೇ.

ಲಂಡನ್ನಿನ ವುಲಿಚ್‌ನ ಸಂಗ್ರಹದಲ್ಲಿ ಎರಡು ಮೈಸೂರು ರಾಕೆಟ್‌ಗಳಿದ್ದವು. ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವುಗಳ ಅಳತೆಯನ್ನು ದಾಖಲಿಸಿದ್ದಾರೆ. ಒಂದರ ಕಬ್ಬಿಣದ ಕೊಳವೆ ಸುಮಾರು 25 ಸೆಂ.ಮೀ. ಉದ್ದ, 5.8 ಸೆಂ.ಮೀ. ದಪ್ಪ, ಅದಕ್ಕೆ ಒಂದು ಮೀಟರ್ ಉದ್ದದ ಕತ್ತಿಯ ಅಲಗನ್ನು ತೊಗಲಿನ ಪಟ್ಟಿಯಿಂದ ಬಿಗಿದಿದೆ. ಇನ್ನೊಂದು 20 ಸೆಂ.ಮೀ. ಕೊಳವೆ, ಅದಕ್ಕೆ 190 ಸೆಂ.ಮೀ. ಬಿದಿರು. ಯುರೋಪಿನವರು ಆಗ ರಾಕೆಟ್‌ಗೆ ಬಳಸುತ್ತಿದ್ದುದು ರಟ್ಟಿನ ಕೊಳವೆ. ರಟ್ಟು ಒಡೆಯುವಷ್ಟು ಒತ್ತಡವನ್ನು ಕಬ್ಬಿಣ ತಡೆಯುತ್ತದೆ. ಒತ್ತಡ ಹೆಚ್ಚಿದಷ್ಟೂ ಮದ್ದು ಬೇಗ ಉರಿಯುತ್ತದೆ, ಅನಿಲ ಜೋರಾಗಿ ನುಗ್ಗುತ್ತದೆ. ದೂರ ಹಾರುವುದರ ಗುಟ್ಟು ಇಷ್ಟೇ.

ಕೈಕೊಡುವುದು ಬೇರೆ ಕಡೆ. ಬಿದಿರನ್ನು ಕೊಳವೆಯ ಪಕ್ಕಕ್ಕೆ ಕಟ್ಟಿರುವುದರಿಂದ ತಳ್ಳುವ ಬಲ ಭಾರದ ನಡುಗೆರೆಯಲ್ಲಿ ಬರುವುದಿಲ್ಲ. ರಾಕೆಟ್ ಒಂದು ಬದಿಗೆ ವಾಲುತ್ತದೆ. ಬಿದಿರು ಸ್ವಲ್ಪ ಸೊಟ್ಟಗಿದ್ದರೂ ಮುಗಿಯಿತು. ಅಡ್ಡಗಾಳಿ ಬೀಸಿದರೆ ಬಾಲವನ್ನು ತಳ್ಳುತ್ತದೆ, ಮೂತಿ ಗಾಳಿ ಬಂದ ದಿಕ್ಕಿಗೇ ತಿರುಗುತ್ತದೆ. ಮದ್ದು ಇನ್ನೂ ಉರಿಯುತ್ತಿರುವುದರಿಂದ ರಾಕೆಟ್ ಅತ್ತಲೇ ಓಡುತ್ತದೆ. ಗಾಡಿಯ ಕುಲುಕಾಟಕ್ಕೆ ಒಳಗಿನ ಮದ್ದು ಬಿರುಕು ಬಿಟ್ಟಿದ್ದರೆ ಬಿರುಕಿನೊಳಗೂ ಬೆಂಕಿ ಹೊಕ್ಕು, ಹಾರುವ ಬದಲು ಸಿಡಿಯುತ್ತದೆ. ಇಲ್ಲಿಂದ ಕಲಿತು ರಾಕೆಟ್ ಮಾಡಿದ ಇಂಗ್ಲೆಂಡಿನ ಕಾಂಗ್ರೀವ್ ಕೂಡ ಪಕ್ಕದ ಕೋಲನ್ನು ಬಿಟ್ಟು ನಡುವೆ ಸಿಕ್ಕಿಸುವ ಕೋಲಿಗೆ ಬಂದದ್ದು 1815ರಲ್ಲಿ, ಅಂದರೆ ಇಂಗ್ಲಿಷರು ಅವನ ರಾಕೆಟ್ ಬಳಸಿದ 1807ರ ಕೋಪನ್‌ಹೇಗನ್ ದಾಳಿಯೂ ಮುಗಿದ ಮೇಲೆ.

ಹಾಗಾಗಿ ಒಂದೊಂದೇ ಬಿಟ್ಟರೆ ಪ್ರಯೋಜನ ಕಡಿಮೆ. ಗುಂಪು ಗುಂಪಾಗಿ, ಒತ್ತಾಗಿ ನಿಂತ ದಂಡಿನ ಮೇಲೆ, ಕುದುರೆ ಎತ್ತುಗಳ ನಡುವೆ ಬಿಡಬೇಕು. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನಪೇಟೆಯ ಮರಗಳ ತೋಪಿನಲ್ಲಿ ಇಂಗ್ಲಿಷ್ ಸೇನಾಧಿಕಾರಿ ವೆಲ್ಲೆಸ್ಲಿಯ ಪಡೆ ದಿಕ್ಕೆಟ್ಟಿತು. ಅಂದು ರಾಕೆಟ್‌ನ ಜೊತೆಗೆ ಕತ್ತಲಿತ್ತು, ಅಡ್ಡಾದಿಡ್ಡಿ ಕಾಲುವೆಗಳಿದ್ದವು, ಬಂದೂಕಿನ ಮಳೆಯೂ ಇತ್ತು. ಮರುದಿನ ಹಗಲಿನಲ್ಲಿ, ಹೆಚ್ಚಿನ ಪಡೆ ಮತ್ತು ಫಿರಂಗಿಗಳೊಂದಿಗೆ ಬಂದು ಅದೇ ತೋಪನ್ನು ಹಿಡಿದರು. ಮಣ್ಣಿನ ದಿಬ್ಬದ ಹಿಂದೆ ಕೂತು ಕೋಟೆಯ ಒಂದೇ ಜಾಗಕ್ಕೆ ಗುಂಡು ಹೊಡೆಯುವ ಮುತ್ತಿಗೆ ಫಿರಂಗಿಯನ್ನು ರಾಕೆಟ್‌ನಿಂದ ಬಾಯಿ ಮುಚ್ಚಿಸಲಾಗದು. ಮೇ 2ರಂದು ಕೋಟೆಯೊಳಗಿನ ರಾಕೆಟ್ ಉಗ್ರಾಣವೇ ಸಿಡಿಯಿತು. ಮೇ 4ರ ಮಧ್ಯಾಹ್ನ ಶತ್ರುಗಳು ಆ ಫಿರಂಗಿಗಳು ಒಡೆದ ಗೋಡೆಯ ಕಂಡಿಯಿಂದ ಒಳನುಗ್ಗಿದರು.

ಪ್ರಶ್ನೆ: ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಚಿತ್ರದಲ್ಲಿ ಇಂಗ್ಲಿಷರ ಮದ್ದಿನ ಬಂಡಿ ಸಿಡಿಯುತ್ತಿದೆ. ಅದಕ್ಕೆ ಬಡಿದದ್ದು ರಾಕೆಟ್ಟೇ?
– ಮೈಸೂರಿನ ಓದುಗರು

ಉತ್ತರ: 1780ರ ಸೆಪ್ಟೆಂಬರ್ 10ರ ಹೈದರ್ ಮತ್ತು ಟಿಪ್ಪು ಗೆದ್ದ ಪೊಳ್ಳಿಲೂರು ಕಾಳಗದಲ್ಲಿ ಇಂಗ್ಲಿಷರ ಕರ್ನಲ್ ಬೇಲಿಯ ಬಂಡಿಗಳು ಸಿಡಿದದ್ದು ಖಚಿತ. ಸಿಡಿಸಿದ್ದು ರಾಕೆಟ್ಟೋ ಫಿರಂಗಿ ಗುಂಡೋ ಎಂಬಲ್ಲಿ ಬರಹಗಾರರಲ್ಲೇ ಒಮ್ಮತವಿಲ್ಲ. ಚಿತ್ರವನ್ನು ಸಾಕ್ಷಿ ಮಾಡುವುದೂ ಕಷ್ಟ: ಅದು ಗೆದ್ದವರು ಬರೆಸಿದ್ದು, ಆಮೇಲೆ ಸೋತವರ ಕಡೆಯವರೇ ಒಂದಕ್ಕಿಂತ ಹೆಚ್ಚು ಬಾರಿ ಮತ್ತೆ ಬಣ್ಣ ಹಾಕಿಸಿದ್ದು.

ಪ್ರಶ್ನೆ: ತಾಳೀಕೋಟೆಯನ್ನು ಗೆಲ್ಲಿಸಿದ್ದು ಮಲಿಕ್-ಎ-ಮೈದಾನ್ ತೋಪು ಎಂದು ಗೈಡ್ ಹೇಳಿದರು. ನಂಬಬಹುದೇ?
– ಬಾಗಲಕೋಟೆಯ ಓದುಗರು

ಉತ್ತರ: ಗೈಡ್ ಹೇಳಿದ್ದನ್ನು ಅಳತೆಪಟ್ಟಿಗೆ ಒಡ್ಡಿ ನೋಡಿ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ ತೋಪು, ಉದ್ದ 4.45 ಮೀಟರ್, ಬಾಯಿಯ ಒಳ ಅಗಲ ಸುಮಾರು 70 ಸೆಂ.ಮೀ., ತೂಕ ಸುಮಾರು 55 ಟನ್. 68 ಸೆಂ.ಮೀ. ಅಡ್ಡಳತೆಯ ಗ್ರಾನೈಟ್ ಗುಂಡು ಹಾಕಿದರೆ ಅದೊಂದೇ 440 ಕಿಲೋ ದಾಟುತ್ತದೆ. ಅದನ್ನು ಮೂತಿಗೆ ಎತ್ತಬೇಕು, ಪ್ರತಿ ಹೊಡೆತಕ್ಕೂ ಕೊಳವೆ ಒರೆಸಿ ಆರಿಸಬೇಕು. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಮುತ್ತಿಗೆಯ ದೊಡ್ಡ ತೋಪು ದಿನಕ್ಕೆ ಏಳು ಸಲ ಹೊಡೆಯುತ್ತಿತ್ತು ಎನ್ನುತ್ತಾರೆ. ಗೋಡೆಗೆ ಅದು ಸಾಕು, ಓಡಾಡುವ ದಂಡಿಗೆ ಸಾಲದು. 1565ರಲ್ಲಿ ತಾಮ್ರದ ನಾಣ್ಯ ತುಂಬಿ ಹತ್ತಿರದಿಂದ ಹೊಡೆದರೆಂಬ ಕಥೆಗೆ ಜೀವ ಬರುವುದೂ ಇಲ್ಲೇ: ಚೂರುಗಳಾದರೆ ಗುರಿಯ ಹಂಗಿಲ್ಲ. ಆದರೂ ಒಂದೆರಡು ಹೊಡೆತದಿಂದ ಸಾಲು ಮುರಿಯಬಹುದು, ಇಡೀ ಯುದ್ಧ ಮುಗಿಯದು. ಇನ್ನೊಂದು ಮಾತು: ವಿಜಯಪುರದವರು ಹೆಮ್ಮೆಪಡುವ ಈ ತೋಪು ಆಗ ವಿಜಯಪುರದ್ದಾಗಿರಲಿಲ್ಲ, ಅಹ್ಮದ್‌ನಗರದ ನಿಜಾಮಶಾಹಿಯದು. ಪರಾಂಡ ಕೋಟೆಯಿಂದ ವಿಜಯಪುರಕ್ಕೆ ಬಂದದ್ದು 1632ರಲ್ಲಿ.

ಪ್ರಶ್ನೆ: ನಮ್ಮ ತಾಲ್ಲೂಕಿನ ನಗರ ಎಂಬ ಊರಿನ ಬಾವಿಯಲ್ಲಿ ಸಿಕ್ಕಂತಹ ಕಬ್ಬಿಣದ ಕೊಳವೆ ನಮ್ಮ ತೋಟದಲ್ಲೂ ಸಿಕ್ಕರೆ ಏನು ಮಾಡಬೇಕು?
– ಹೊಸನಗರ ತಾಲ್ಲೂಕಿನ ಓದುಗರು

ಉತ್ತರ: 2018ರಲ್ಲಿ ನಗರದ ಪಾಳುಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕಿದ್ದವು, ನಿಮ್ಮ ಅನುಮಾನ ಸುಮ್ಮನೆ ಅಲ್ಲ. ಮೊದಲು ಅಗೆಯುವುದು ನಿಲ್ಲಿಸಿ. ತುಕ್ಕು ಕೆರೆಯಬೇಡಿ, ಮೊಳೆಯಿಂದ ಬಾಯಿ ಕೆದಕಬೇಡಿ, ಒಲೆಯ ಬಳಿ ಒಯ್ಯಬೇಡಿ. ಒಳಗಿನ ಮದ್ದಿನ ಪೆಟ್ಲುಪ್ಪು ನೀರಿನಲ್ಲಿ ಕರಗಿಹೋಗಿರಬಹುದು. ಬಾಯಿ ಭದ್ರವಾಗಿ ಮುಚ್ಚಿದ್ದ ಕೊಳವೆಯಲ್ಲಿ ಉಳಿದಿರಲೂಬಹುದು, ಹೊರಗಿನಿಂದ ಗೊತ್ತಾಗದು. ಕೆಸರಿನಲ್ಲಿದ್ದ ಕಬ್ಬಿಣವನ್ನು ಬಿಸಿಲಿಗೆ ಹಾಕಿದರೆ ತುಕ್ಕಿನ ಪದರಗಳು ಚಕ್ಕೆಯಾಗಿ ಏಳುತ್ತವೆ, ಹಾಗಾಗಿ ಅದೇ ಮಣ್ಣು ಮುಚ್ಚಿ ನೆರಳಿನಲ್ಲಿ ಬಿಡಿ. ಪಕ್ಕದಲ್ಲಿ ಅಡಿಪಟ್ಟಿ ಇಟ್ಟು ಫೋಟೋ ತೆಗೆಯಿರಿ, ಎಷ್ಟು ಆಳದಲ್ಲಿ, ಜೊತೆಗೆ ಏನೇನಿತ್ತು ಎಂದು ಬರೆದಿಡಿ. ತಹಶೀಲ್ದಾರರಿಗೆ ಇಲ್ಲವೇ ಪುರಾತತ್ವ ಇಲಾಖೆಗೆ ತಿಳಿಸಿ. ಗುಜರಿಯವರಿಗೆ ಕೊಡಬೇಡಿ, ಅವರು ಮೊದಲು ಮಾಡುವ ಕೆಲಸವೇ ಸುತ್ತಿಗೆಯಿಂದ ಬಡಿದು ನೋಡುವುದು.