ಜೆರುಸಲೇಮಾ: ಕುಣಿತದ ಹಾಡೋ, ಪ್ರಾರ್ಥನೆಯೋ?

ದಕ್ಷಿಣ ಆಫ್ರಿಕಾದ ‘ಜೆರುಸಲೇಮಾ’ ಹಾಡು ಕುಣಿತಕ್ಕೋ, ಪ್ರಾರ್ಥನೆಗೋ ಅಂತ ಕೇಳಿದ್ದೀರಿ. ಎರಡೂ ಹೌದು ಸಾರ್. ಹಾಡಿನಲ್ಲಿ ಬರುವ, ನೀವು ಅರ್ಥ ಕೇಳಿದ ‘ನ್ಗಿಲೊಂಡೊಲೊಝೆ’ ಅಲ್ಲಿನ ಜುಲು ಭಾಷೆಯ ಪದ. ‘ನ್ಗಿ’ ಅಂದರೆ ನನ್ನನ್ನು, ‘ಲೊಂಡೊಲೊಝಾ’ ಅಂದರೆ ಜೋಪಾನ ಮಾಡು. ಒಟ್ಟಿಗೆ ‘ನನ್ನನ್ನು ಕಾಪಾಡು’. ಹಾಡಿನ ತಿರುಳೂ ಅಷ್ಟೇ: ಜೆರುಸಲೇಮೇ ನನ್ನ ಮನೆ, ನನ್ನ ಜಾಗ ಇದಲ್ಲ, ಕಾಪಾಡು, ಜೊತೆಗೆ ನಡೆ, ಇಲ್ಲೇ ಬಿಟ್ಟುಹೋಗಬೇಡ. ಜೆರುಸಲೇಮ್ ಅಂದಾಗ ಇಸ್ರೇಲಿನ ಊರಿಗಿಂತ ಬೈಬಲ್ಲಿನ ಸ್ವರ್ಗದ ಊರನ್ನು ನೆನೆಯಿರಿ. ದಾಸರ ಪದ ಕೇಳಿ ಬೆಳೆದ ನಮಗೆ ‘ನಿಜವಾದ ಮನೆ ಅಲ್ಲಿದೆ’ ಅನ್ನೋ ಮಾತು ಹೊಸದೇನಲ್ಲ ಬಿಡಿ.

ಗೊಂದಲಕ್ಕೆ ಕಾರಣ ತಾಳ. ಅಲ್ಲಿನ ಸಂಗೀತಗಾರ ಮಾಸ್ಟರ್ ಕೆಜಿ 2019ರಲ್ಲಿ ಇದನ್ನು ಹೌಸ್ ಸಂಗೀತದ, ಅಂದರೆ ಕುಣಿಯೋಕೆ ಅಂತಲೇ ಮಾಡುವ ಎಲೆಕ್ಟ್ರಾನಿಕ್ ಸಂಗೀತದ, ಬಡಿತಕ್ಕೆ ಕೂರಿಸಿದರು, ಹಾಡಿದ್ದು ಗಾಯಕಿ ನೊಮ್ಸೆಬೊ ಜಿಕೊಡೆ. 2020ರಲ್ಲಿ ಅಂಗೋಲಾದ ಒಂದು ನೃತ್ಯತಂಡ ಊಟದ ತಟ್ಟೆ ಹಿಡಿದುಕೊಂಡೇ ಕುಣಿದ ವಿಡಿಯೋ ಹಾಕಿತು. ಅದನ್ನು ನೋಡಿ ಆಮೇಲೆ ಕೊರೊನಾ ಕಾಲದಲ್ಲಿ ಆಸ್ಪತ್ರೆ ಸಿಬ್ಬಂದಿಯೂ ಕುಣಿದರು. ‘ಕಾಪಾಡು’ ಅನ್ನೋ ಹಾಡಿಗೆ, ಅದೂ ಆ ವರ್ಷ! ಅರ್ಥ ಗೊತ್ತಿದ್ದು ಕುಣಿದವರು ಕಡಿಮೆ ಅಂತ ನನ್ನ ಅನುಮಾನ.

ಮುಂದಿನ ಸಲ ಕಣ್ಮುಚ್ಚಿ, ನೊಮ್ಸೆಬೊ ಅವರ ದನಿಯನ್ನಷ್ಟೇ ಕೇಳಿ ನೋಡಿ.